ಏಕಸಿಲಿಂಡರ್ ಮೋಟಾರುಸೈಕಲುಗಳ ವೇಗೋತ್ಕರ್ಷ: ಒಂದು ತುಲನಾತ್ಮಕ ವಿವೇಚನೆ

1. ಪ್ರಸ್ತಾವನೆ

ಒಂದೇ ಸಿಲಿಂಡರಿನ ಎಂಜಿನನ್ನು ಹೊತ್ತು, ಹಳೆಯ ಕಾಲದ ವಾಹನಗಳ ಆಕಾರವನ್ನು ಉಳಿಸಿಕೊಂಡು ಬಂದಿರುವ ಮೋಟಾರುಸೈಕಲುಗಳು ಈಗ ನಮ್ಮ ರಸ್ತೆಗಳಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಕಾಲೇಜಿನ ವಿದ್ಯಾರ್ಥಿಗಳಲ್ಲಿ ಇವುಗಳ ವಿಷಯವಾಗಿ ನಡೆಯುವ ಚರ್ಚೆಯೂ ಕಡಮೆಯದಲ್ಲ. ಯಾವ ವಾಹನ ಬೇಗನೆ ವೇಗ ಪಡೆಯುತ್ತದೆ, ಯಾವುದು ಹಿಂದೆ ಬೀಳುತ್ತದೆ ಎಂಬುದೇ ಈ ಚರ್ಚೆಗಳ ಮುಖ್ಯ ವಿಷಯ. ಒಬ್ಬನು ತನ್ನ ವಾಹನದ ತಿರುಗುಬಲವನ್ನು, ಎಂದರೆ ಟಾರ್ಕನ್ನು, ಮುಂದಿಡುತ್ತಾನೆ. ಇನ್ನೊಬ್ಬನು ಅಶ್ವಶಕ್ತಿಯನ್ನು ಎತ್ತಿ ಹೇಳುತ್ತಾನೆ. ಮೂರನೆಯವನು ಸೊನ್ನೆಯಿಂದ ನೂರು ಕಿಲೋಮೀಟರು ವೇಗವನ್ನು ಮುಟ್ಟಲು ಹಿಡಿಯುವ ಕಾಲವೊಂದೇ ಪ್ರಮಾಣವೆನ್ನುತ್ತಾನೆ. ಮೂವರ ಮಾತಿನಲ್ಲಿಯೂ ಸತ್ಯಾಂಶ ಉಂಟು. ಆದರೆ ಅವು ಒಂದಕ್ಕೊಂದು ಹೇಗೆ ಸಂಬಂಧಿಸಿವೆ ಎಂಬುದನ್ನು ತಿಳಿಯದೆ ಹೋದರೆ ಚರ್ಚೆ ಕೊನೆಗಾಣುವುದಿಲ್ಲ.

ಪ್ರಥಮ ವರ್ಷದ ಪದವಿ ತರಗತಿಯಲ್ಲಿ ಕಲಿಸುವ ಯಂತ್ರಶಾಸ್ತ್ರದಿಂದಲೇ ಈ ಪ್ರಶ್ನೆಗೆ ತಕ್ಕಮಟ್ಟಿಗೆ ಖಚಿತವಾದ ಉತ್ತರ ದೊರೆಯುತ್ತದೆಂಬುದನ್ನು ತೋರಿಸಲು ನಾವು ಇಲ್ಲಿ ಉದ್ದೇಶಿಸಿದ್ದೇವೆ. ಇದರಲ್ಲಿ ಬರಿಯ ಕುತೂಹಲಕ್ಕಿಂತ ಹೆಚ್ಚಿನ ವಿಷಯವೂ ಇದೆ. ಎರಡು ಸಾಲಿನ ರಸ್ತೆಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವ ಸವಾರನು, ತಿಳಿದೋ ತಿಳಿಯದೆಯೋ, ತನ್ನ ವಾಹನದ ವೇಗೋತ್ಕರ್ಷದ ಬಗೆಗೆ ಒಂದು ಅಂದಾಜನ್ನು ಮಾಡಿಯೇ ಮುನ್ನುಗ್ಗುತ್ತಾನೆ. ಆ ಅಂದಾಜು ತಪ್ಪಿದರೆ ಅದರ ಬೆಲೆಯನ್ನು ಅಂಕಗಳಲ್ಲಿ ತೆರುವುದಿಲ್ಲ.

2. ಹೋಲಿಕೆಗೆ ಆರಿಸಿದ ವಾಹನಗಳು

ನಾಲ್ಕು ಸ್ಟ್ರೋಕಿನ, ಒಂದೇ ಸಿಲಿಂಡರಿನ ನಾಲ್ಕು ವಾಹನಗಳನ್ನು ನಾವು ಆರಿಸಿಕೊಂಡಿದ್ದೇವೆ. ಇವುಗಳ ಅಂಕಿಗಳು ತಯಾರಕರು ಘೋಷಿಸಿದವು.

(ಅ) ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 (2021ರ ಮಾದರಿ): ಸಿಲಿಂಡರಿನ ವ್ಯಾಸ 72 ಮಿಲಿಮೀಟರು, ಪಿಸ್ಟನ್ನಿನ ಓಟ 85.8 ಮಿಲಿಮೀಟರು, ಗಾತ್ರ 349 ಘನ ಸೆಂಟಿಮೀಟರು. ಗರಿಷ್ಠ ಸಾಮರ್ಥ್ಯ ನಿಮಿಷಕ್ಕೆ 6100 ಸುತ್ತಿನಲ್ಲಿ ಸುಮಾರು 15 ಕಿಲೋವಾಟ್. ಗರಿಷ್ಠ ತಿರುಗುಬಲ 4000 ಸುತ್ತಿನಲ್ಲಿ 27 ನ್ಯೂಟನ್-ಮೀಟರು. ತೂಕ 195 ಕಿಲೋಗ್ರಾಂ.

(ಆ) ಹೋಂಡಾ ಹೈನೆಸ್ ಸಿ.ಬಿ. 350 (2020): ವ್ಯಾಸ 70, ಓಟ 90.5 ಮಿಲಿಮೀಟರು, ಗಾತ್ರ 348 ಘನ ಸೆಂಟಿಮೀಟರು. ಸಾಮರ್ಥ್ಯ 5500 ಸುತ್ತಿನಲ್ಲಿ 15.5 ಕಿಲೋವಾಟ್; ತಿರುಗುಬಲ 3000 ಸುತ್ತಿನಲ್ಲಿ 30 ನ್ಯೂಟನ್-ಮೀಟರು; ತೂಕ 181 ಕಿಲೋಗ್ರಾಂ.

(ಇ) ಟ್ರಯಂಫ್ ಸ್ಪೀಡ್ 400 (2023): ವ್ಯಾಸ 89, ಓಟ 64 ಮಿಲಿಮೀಟರು, ಗಾತ್ರ 398 ಘನ ಸೆಂಟಿಮೀಟರು. ಸಾಮರ್ಥ್ಯ 8000 ಸುತ್ತಿನಲ್ಲಿ 29.4 ಕಿಲೋವಾಟ್, ತಿರುಗುಬಲ 6500 ಸುತ್ತಿನಲ್ಲಿ 37.5 ನ್ಯೂಟನ್-ಮೀಟರು, ತೂಕ ಸುಮಾರು 176 ಕಿಲೋಗ್ರಾಂ.

(ಈ) ಬಿ.ಎಸ್.ಎ. ಗೋಲ್ಡ್ ಸ್ಟಾರ್ 650 (2021ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದುದು): ವ್ಯಾಸ 100, ಓಟ 83 ಮಿಲಿಮೀಟರು, ಗಾತ್ರ 652 ಘನ ಸೆಂಟಿಮೀಟರು. ಸಾಮರ್ಥ್ಯ ಸುಮಾರು 33.5 ಕಿಲೋವಾಟ್, ತಿರುಗುಬಲ 4000 ಸುತ್ತಿನಲ್ಲಿ 55 ನ್ಯೂಟನ್-ಮೀಟರು, ತೂಕ ಸುಮಾರು 213 ಕಿಲೋಗ್ರಾಂ.

ಇವುಗಳ ಜೊತೆಗೆ ಪೂರ್ವಿಕರೆನ್ನಬಹುದಾದ ಎರಡು ವಾಹನಗಳನ್ನು ಅಲ್ಲಲ್ಲಿ ನೆನೆಯುತ್ತೇವೆ. ಒಂದು, ಮದರಾಸಿನಲ್ಲಿ 1955ರಿಂದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಮೂಲಕ ನಮ್ಮ ದೇಶದಲ್ಲಿ ಬೇರೂರಿದ ಹಳೆಯ ಬುಲೆಟ್ 350. ಅದರ ವ್ಯಾಸ 70, ಓಟ 90 ಮಿಲಿಮೀಟರು, ಸಾಮರ್ಥ್ಯ 18 ಅಶ್ವಶಕ್ತಿ. ಇನ್ನೊಂದು, 1956ರ ಮಾದರಿಯ, 85 ಮಿಲಿಮೀಟರು ವ್ಯಾಸ ಮತ್ತು 88 ಮಿಲಿಮೀಟರು ಓಟದ ಬಿ.ಎಸ್.ಎ. ಗೋಲ್ಡ್ ಸ್ಟಾರ್ 500. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ 250 ಸಹ ಒಂದೇ ಸಿಲಿಂಡರಿನವೇ ಆಗಿದ್ದವು. ಆದರೆ ಅವು ಎರಡು ಸ್ಟ್ರೋಕಿನವು. ಅವುಗಳಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುತ್ತದೆ. ಆದುದರಿಂದ ಅವುಗಳನ್ನು ಈ ಲೆಕ್ಕದಲ್ಲಿ ಬೆರೆಸುವುದು ಯುಕ್ತವಲ್ಲ.

3. ತಿರುಗುಬಲವೋ ಸಾಮರ್ಥ್ಯವೋ?

ನ್ಯೂಟನ್ನನ ಎರಡನೆಯ ನಿಯಮದಂತೆ ವೇಗೋತ್ಕರ್ಷವು ಹಿಂಚಕ್ರವು ನೆಲವನ್ನು ತಳ್ಳುವ ಬಲದಿಂದ ಎದುರುಬಲಗಳನ್ನು ಕಳೆದು, ಒಟ್ಟು ದ್ರವ್ಯರಾಶಿಯಿಂದ ಭಾಗಿಸಿದಾಗ ಬರುವ ಮೊತ್ತ. ಹಿಂಚಕ್ರದ ಬಲವೆಷ್ಟು? ಎಂಜಿನಿನ ತಿರುಗುಬಲವನ್ನು ಗೇರುಗಳ ಒಟ್ಟು ಅನುಪಾತದಿಂದ ಗುಣಿಸಿ ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ಅದು ದೊರೆಯುತ್ತದೆ. ತಿರುಗುಬಲವೇ ಸರ್ವಸ್ವವೆನ್ನುವವರು ಈ ವಾಕ್ಯದ ಮೊದಲರ್ಧವನ್ನು ಮಾತ್ರ ನೋಡುತ್ತಾರೆ. ಗೇರಿನ ಅನುಪಾತವನ್ನು ಹೆಚ್ಚಿಸಿ ಚಕ್ರದ ಬಲವನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಆದರೆ ಆಗ ಅದೇ ರಸ್ತೆಯ ವೇಗಕ್ಕೆ ಎಂಜಿನು ಅಷ್ಟೇ ಪಟ್ಟು ಹೆಚ್ಚು ಸುತ್ತಬೇಕಾಗುತ್ತದೆ. ಎಷ್ಟು ಸುತ್ತಬಲ್ಲುದು ಎಂಬ ಮಿತಿಯನ್ನು ಕೂಡಿಸಿಕೊಂಡಾಗ ತಿರುಗುಬಲವು ಸಾಮರ್ಥ್ಯವಾಗಿ ಮಾರ್ಪಡುತ್ತದೆ. ಯಾವುದೇ ರಸ್ತೆಯ ವೇಗದಲ್ಲಿ ಚಕ್ರದ ಬಲವೆಂದರೆ ಚಕ್ರಕ್ಕೆ ಮುಟ್ಟಿದ ಸಾಮರ್ಥ್ಯವನ್ನು ಆ ವೇಗದಿಂದ ಭಾಗಿಸಿದುದು. ಇದರಲ್ಲಿ ಗೇರಿನ ಹೆಸರೇ ಬರುವುದಿಲ್ಲ.

ಇದಕ್ಕೆ ಮೇಲಿನ ಪಟ್ಟಿಯಲ್ಲಿಯೇ ಸೊಗಸಾದ ಉದಾಹರಣೆ ಇದೆ. ಗೋಲ್ಡ್ ಸ್ಟಾರ್ 650ರ ತಿರುಗುಬಲವು ಸ್ಪೀಡ್ 400ರದಕ್ಕಿಂತ ಸುಮಾರು ಒಂದೂವರೆಪಟ್ಟು. ಹಾಗಾದರೆ ಅದು ಒಂದೂವರೆಪಟ್ಟು ಬೇಗನೆ ವೇಗ ಪಡೆಯುವುದೋ? 75 ಕಿಲೋಗ್ರಾಂ ತೂಕದ ಸವಾರನನ್ನು ಸೇರಿಸಿ ಲೆಕ್ಕ ಹಾಕೋಣ. ಸ್ಪೀಡ್ 400ರ ಒಟ್ಟು ದ್ರವ್ಯರಾಶಿ 251 ಕಿಲೋಗ್ರಾಂ. ಒಂದೊಂದು ಕಿಲೋಗ್ರಾಮಿಗೆ 117 ವಾಟ್ ಸಾಮರ್ಥ್ಯ. ಗೋಲ್ಡ್ ಸ್ಟಾರಿನ ಒಟ್ಟು ದ್ರವ್ಯರಾಶಿ 288 ಕಿಲೋಗ್ರಾಂ; ಕಿಲೋಗ್ರಾಮಿಗೆ 116 ವಾಟ್. ಎರಡೂ ಹೆಚ್ಚುಕಡಮೆ ಒಂದೇ. ಸವಾರನು ಗೇರನ್ನು ಸರಿಯಾಗಿ ಬಳಸಿ ಎಂಜಿನನ್ನು ಗರಿಷ್ಠ ಸಾಮರ್ಥ್ಯದ ಹತ್ತಿರವೇ ಇಟ್ಟುಕೊಂಡನೆಂದರೆ ಇವೆರಡು ವಾಹನಗಳು ಜೊತೆಜೊತೆಯಾಗಿಯೇ ಸಾಗಬೇಕು. ಇದೇ ರೀತಿಯಲ್ಲಿ ಕ್ಲಾಸಿಕ್ 350ಕ್ಕೆ ಕಿಲೋಗ್ರಾಮಿಗೆ 56 ವಾಟ್, ಹೈನೆಸ್‌ಗೆ 61 ವಾಟ್ ಬರುತ್ತದೆ. ಎಂದರೆ ನಾಲ್ಕು ವಾಹನಗಳು ಎರಡು ಜೋಡಿಗಳಾಗಿ ಒಡೆದು ನಿಲ್ಲುತ್ತವೆ.

ಹಾಗಾದರೆ ತಿರುಗುಬಲದ ಅಂಕಿಗೆ ಅರ್ಥವೇ ಇಲ್ಲವೆ? ಇದೆ. ಸವಾರನು ಯಾವಾಗಲೂ ಎಂಜಿನನ್ನು ಗರಿಷ್ಠ ಸುತ್ತಿನಲ್ಲಿ ಓಡಿಸುವುದಿಲ್ಲ. 4000 ಸುತ್ತಿನಲ್ಲಿ ಗೋಲ್ಡ್ ಸ್ಟಾರ್ 23 ಕಿಲೋವಾಟ್ ಸಾಮರ್ಥ್ಯವನ್ನು ಕೊಡುತ್ತದೆ. ಅದೇ ಸುತ್ತಿನಲ್ಲಿ ಸ್ಪೀಡ್ 400, ತನ್ನ ಗರಿಷ್ಠ ತಿರುಗುಬಲವನ್ನೇ ಅಲ್ಲಿಯೂ ಕೊಡುತ್ತದೆಂದು ಉದಾರವಾಗಿ ಎಣಿಸಿದರೂ, 15.7 ಕಿಲೋವಾಟನ್ನು ಮೀರಲಾರದು. ಒಟ್ಟು ದ್ರವ್ಯರಾಶಿಯಿಂದ ಭಾಗಿಸಿದರೆ ಗೋಲ್ಡ್ ಸ್ಟಾರಿನ ಮೇಲುಗೈ ನೂರಕ್ಕೆ 28ಕ್ಕೆ ಕಡಮೆಯಿಲ್ಲ. 3000 ಸುತ್ತಿನಲ್ಲಿ ಹೈನೆಸ್ ಮತ್ತು ಕ್ಲಾಸಿಕ್‌ಗಳನ್ನು ಹೋಲಿಸಿದರೆ ಹೈನೆಸ್‌ಗೆ ಇದೇ ಬಗೆಯ ನೂರಕ್ಕೆ 17ರ ಮೇಲುಗೈ ಕನಿಷ್ಠವಾಗಿ ಸಿಗುತ್ತದೆ. ಆದುದರಿಂದ ಸಾಮರ್ಥ್ಯದ ಅಂಕಿಯು ಪಂದ್ಯದ ಫಲವನ್ನು ಹೇಳುತ್ತದೆ. ತಿರುಗುಬಲದ ಅಂಕಿಯು, ಅದು ಯಾವ ಸುತ್ತಿನಲ್ಲಿ ದೊರೆಯುತ್ತದೆಂಬುದರೊಡನೆ, ನಿತ್ಯದ ಸವಾರಿಯಲ್ಲಿ ಎಷ್ಟು ಸಲ ಗೇರು ಬದಲಿಸಬೇಕಾಗುವುದೆಂಬುದನ್ನು ಹೇಳುತ್ತದೆ. ‘ಎಳೆತ ಚೆನ್ನಾಗಿದೆ’ ಎಂದು ಸವಾರರು ಹೇಳುವುದು ಈ ಎರಡನೆಯ ಗುಣವನ್ನು.

4. ಪಿಸ್ಟನ್ನಿನ ಸರಾಸರಿ ವೇಗ

ಒಂದು ಎಂಜಿನು 6100 ಸುತ್ತಿನಲ್ಲಿ ಸುಸ್ತಾಗುವಾಗ ಇನ್ನೊಂದು 8000 ಸುತ್ತನ್ನು ಮುಟ್ಟುವುದೇಕೆ? ಇದಕ್ಕೆ ಉತ್ತರ ಪಿಸ್ಟನ್ನಿನ ಓಟದಲ್ಲಿದೆ. ಒಂದು ಸುತ್ತಿಗೆ ಪಿಸ್ಟನ್ನು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹೋಗುವುದರಿಂದ ಅದರ ಸರಾಸರಿ ವೇಗವು ಓಟದ ಎರಡರಷ್ಟನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದಷ್ಟು. ಗರಿಷ್ಠ ಸಾಮರ್ಥ್ಯದ ಸುತ್ತಿನಲ್ಲಿ ಈ ವೇಗವನ್ನು ಲೆಕ್ಕ ಮಾಡಿದರೆ ಕ್ಲಾಸಿಕ್‌ಗೆ ಸೆಕೆಂಡಿಗೆ 17.4 ಮೀಟರು, ಹೈನೆಸ್‌ಗೆ 16.6, ಸ್ಪೀಡ್‌ಗೆ 17.1 ಬರುತ್ತದೆ. ಗೋಲ್ಡ್ ಸ್ಟಾರ್ 650ಕ್ಕೆ 6000 ಸುತ್ತಿನಲ್ಲಿ 16.6 ಮೀಟರು. ಹಳೆಯ ಬುಲೆಟ್ಟಿಗೂ, 5625 ಸುತ್ತಿನಲ್ಲಿ, 16.9 ಮೀಟರು.

ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರವಿರುವ, ಬೇರೆ ಬೇರೆ ದೇಶಗಳಲ್ಲಿ ರೂಪುಗೊಂಡ ಐದು ಎಂಜಿನುಗಳಲ್ಲಿ ಈ ವೇಗವು ಸೆಕೆಂಡಿಗೆ ಸುಮಾರು 17 ಮೀಟರಿಗೇ ಬಂದು ನಿಲ್ಲುವುದು ಗಮನಾರ್ಹವಾದ ಸಂಗತಿ. ಇದು ಆಕಸ್ಮಿಕವಲ್ಲ. ಪಿಸ್ಟನ್ನಿನ ವೇಗ ಹೆಚ್ಚಿದಂತೆ ಘರ್ಷಣೆಯೂ, ದಿಕ್ಕು ಬದಲಿಸುವಾಗಿನ ಜಡತ್ವದ ಬಲವೂ ಹೆಚ್ಚುತ್ತವೆ. ಕವಾಟದ ಕಿರಿದಾದ ಬಾಯಿಯಲ್ಲಿ ಗಾಳಿ ನುಗ್ಗಬೇಕಾದ ವೇಗವೂ ಬೆಳೆದು ಸಿಲಿಂಡರು ಪೂರ್ತಿಯಾಗಿ ತುಂಬದೆ ಹೋಗುತ್ತದೆ. ಬಹುಕಾಲ ಬಾಳಿಕೆ ಬರಬೇಕಾದ ಎಂಜಿನನ್ನು ರಚಿಸುವವರು ಈ ಕಾರಣಗಳಿಂದ ಸರಿಸುಮಾರು ಒಂದೇ ಎಲ್ಲೆಯೊಳಗೆ ನಿಲ್ಲುತ್ತಾರೆ. ಪಂದ್ಯಕ್ಕಾಗಿ ರೂಪಿಸಿದ ಎಂಜಿನುಗಳ ಮಾತು ಬೇರೆ: 1956ರ ಗೋಲ್ಡ್ ಸ್ಟಾರ್ 500ರಲ್ಲಿ, 7000 ಸುತ್ತಿನಲ್ಲಿ, ಈ ವೇಗ 20.5 ಮೀಟರಿಗೆ ಏರುತ್ತಿತ್ತು.

ಪಿಸ್ಟನ್ನಿನ ವೇಗ ಎಲ್ಲೆಡೆ ಒಂದೇ ಆದ ಮೇಲೆ ಸಾಮರ್ಥ್ಯವನ್ನು ನಿರ್ಧರಿಸಲು ಉಳಿಯುವವು ಎರಡೇ: ಪಿಸ್ಟನ್ನಿನ ತಲೆಯ ವಿಸ್ತೀರ್ಣ ಮತ್ತು ಅದರ ಮೇಲೆ ಬೀಳುವ ಸರಾಸರಿ ಒತ್ತಡ. ಕ್ಲಾಸಿಕ್‌ನ ಪಿಸ್ಟನ್ನಿನ ವಿಸ್ತೀರ್ಣ 40.7 ಚದರ ಸೆಂಟಿಮೀಟರು; ಹೈನೆಸ್‌ನದು 38.5, ಸ್ಪೀಡ್‌ನದು 62.2, ಗೋಲ್ಡ್ ಸ್ಟಾರ್ 650ರದು 78.5. ಕ್ಲಾಸಿಕ್‌ಗಿಂತ ಸ್ಪೀಡ್‌ನ ಗಾತ್ರ ನೂರಕ್ಕೆ 14ರಷ್ಟೇ ಹೆಚ್ಚು. ಆದರೆ ವಿಸ್ತೀರ್ಣ ನೂರಕ್ಕೆ 53ರಷ್ಟು ಹೆಚ್ಚು. ಇದಲ್ಲದೆ ಗರಿಷ್ಠ ತಿರುಗುಬಲದ ಸುತ್ತಿನಲ್ಲಿ ಸರಾಸರಿ ಪರಿಣಾಮಕಾರಿ ಒತ್ತಡವನ್ನು ಲೆಕ್ಕ ಮಾಡಿದರೆ ಕ್ಲಾಸಿಕ್‌ಗೆ 9.7 ಬಾರ್, ಹೈನೆಸ್‌ಗೆ 10.8, ಗೋಲ್ಡ್ ಸ್ಟಾರ್ 650ಕ್ಕೆ 10.6, ಸ್ಪೀಡ್‌ಗೆ 11.8 ಬಾರ್ ಬರುತ್ತದೆ. ನೀರಿನಿಂದ ತಂಪಾಗುವುದು, ನಾಲ್ಕು ಕವಾಟಗಳಿರುವುದು, ಇವುಗಳ ಫಲ ಈ ಕೊನೆಯ ಅಂಕಿಯಲ್ಲಿ ಕಾಣುತ್ತದೆ. ಸ್ಪೀಡ್‌ನ ಸಾಮರ್ಥ್ಯ ಕ್ಲಾಸಿಕ್‌ನ ಸುಮಾರು ಇಮ್ಮಡಿಯಾದ ರಹಸ್ಯ ಇಷ್ಟೇ: ದೊಡ್ಡ ಗಾತ್ರವಲ್ಲ, ಅಗಲವಾದ ಪಿಸ್ಟನ್ನು, ಗಿಡ್ಡ ಓಟ ಮತ್ತು ಹೆಚ್ಚಿನ ಒತ್ತಡ.

ಆದರೆ ನೀಳ ಓಟದ ಎಂಜಿನನ್ನು ಹಿಂದುಳಿದದ್ದೆಂದು ತೀರ್ಮಾನಿಸುವುದು ತಪ್ಪಾದೀತು. ಅದರ ರಚಕರು ಕಡಮೆ ಸುತ್ತಿನಲ್ಲಿ ನಿರಾಯಾಸವಾಗಿ ಎಳೆಯುವ ಗುಣವನ್ನೂ, ಒಂದೊಂದು ಸ್ಫೋಟವೂ ಬೇರೆಬೇರೆಯಾಗಿ ಕೇಳುವ ಆ ಪರಿಚಿತ ಸದ್ದನ್ನೂ ಬೇಕೆಂದೇ ಉಳಿಸಿಕೊಂಡಿದ್ದಾರೆ. ಬೇಡಿಕೆಯೇ ಬೇರೆಯಾದಾಗ ಉತ್ತರವೂ ಬೇರೆಯಾಗುತ್ತದೆ.

5. ಎದುರುಬಲಗಳು

ಸಮತಟ್ಟಾದ ರಸ್ತೆಯಲ್ಲಿ ಎದುರುಬಲಗಳು ಮುಖ್ಯವಾಗಿ ಎರಡು. ಟೈರುಗಳ ಉರುಳುವಿಕೆಯ ಪ್ರತಿರೋಧವು ತೂಕಕ್ಕೆ ಅನುಗುಣವಾಗಿದ್ದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ಪ್ರತಿರೋಧವು ವೇಗದ ವರ್ಗದಂತೆ ಬೆಳೆಯುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ ಬೆಳೆಯುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಪ್ರತಿರೋಧ ಗುಣಾಂಕ ಮತ್ತು ಎದುರು ವಿಸ್ತೀರ್ಣಗಳ ಗುಣಲಬ್ಧವನ್ನು 0.6 ಚದರ ಮೀಟರು ಎಂದೂ, ಉರುಳುವಿಕೆಯ ಗುಣಾಂಕವನ್ನು 0.015 ಎಂದೂ, ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.2 ಕಿಲೋಗ್ರಾಂ ಎಂದೂ ನಾವು ಇಟ್ಟುಕೊಂಡಿದ್ದೇವೆ. ಎಂಜಿನಿನಿಂದ ಚಕ್ರದವರೆಗಿನ ದಾರಿಯಲ್ಲಿ ಹತ್ತನೆಯ ಒಂದು ಪಾಲು ಸಾಮರ್ಥ್ಯ ವ್ಯಯವಾಗುತ್ತದೆಂದೂ ಎಣಿಸಿದ್ದೇವೆ.

ಹೀಗೆ ಲೆಕ್ಕ ಹಾಕಿದರೆ ಗಾಳಿಯೊಂದಕ್ಕೇ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ 1.7 ಕಿಲೋವಾಟ್, 80ರಲ್ಲಿ 4 ಕಿಲೋವಾಟ್, 100ರಲ್ಲಿ 7.7 ಕಿಲೋವಾಟ್ ಬೇಕಾಗುತ್ತದೆ. ಕ್ಲಾಸಿಕ್‌ನ ಚಕ್ರಕ್ಕೆ ಮುಟ್ಟುವುದು ಒಟ್ಟು 13.5 ಕಿಲೋವಾಟ್. ಅದರಲ್ಲಿ ಎದುರುಬಲಗಳ ಪಾಲನ್ನು ಕಳೆದು ಉಳಿದುದರಿಂದ ಮಾತ್ರ ವೇಗ ಹೆಚ್ಚಬೇಕು. ಗರಿಷ್ಠ ಸಾಮರ್ಥ್ಯ ದೊರೆಯುತ್ತಿರುವಾಗ ವೇಗೋತ್ಕರ್ಷಗಳು, ಸೆಕೆಂಡಿನ ವರ್ಗಕ್ಕೆ ಮೀಟರುಗಳಲ್ಲಿ, ಹೀಗೆ ಬರುತ್ತವೆ:

ಕ್ಲಾಸಿಕ್ 350: 60ರಲ್ಲಿ 2.5, 80ರಲ್ಲಿ 1.4, 100ರಲ್ಲಿ 0.6.
ಹೈನೆಸ್: 60ರಲ್ಲಿ 2.7, 80ರಲ್ಲಿ 1.6, 100ರಲ್ಲಿ 0.7.
ಸ್ಪೀಡ್ 400: 60ರಲ್ಲಿ 5.8, 80ರಲ್ಲಿ 3.9, 100ರಲ್ಲಿ 2.5.
ಗೋಲ್ಡ್ ಸ್ಟಾರ್ 650: 60ರಲ್ಲಿ 5.8, 80ರಲ್ಲಿ 3.9, 100ರಲ್ಲಿ 2.7.

ಚಕ್ರಗಳೂ ತಿರುಗಬೇಕಾದುದರಿಂದ ನಿಜವಾದ ಅಂಕಿಗಳು ಇವಕ್ಕಿಂತ ನೂರಕ್ಕೆ ನಾಲ್ಕೈದು ಭಾಗ ಕಡಮೆ ಇರುತ್ತವೆ. ಈ ಕೋಷ್ಟಕದಲ್ಲಿ ಗಮನಿಸಬೇಕಾದುದು ಅನುಪಾತಗಳನ್ನು. 60ರಲ್ಲಿ ಸ್ಪೀಡ್ 400ರ ವೇಗೋತ್ಕರ್ಷ ಕ್ಲಾಸಿಕ್‌ನ ಎರಡೂಕಾಲುಪಟ್ಟಿಗೆ ತುಸು ಹೆಚ್ಚು. 100ರಲ್ಲಿ ಅದು ನಾಲ್ಕುಪಟ್ಟಾಗಿದೆ. ಸಾಮರ್ಥ್ಯ ಕಡಮೆಯಿರುವ ವಾಹನದಲ್ಲಿ ಗಾಳಿಯು ಮೊದಲೇ ಬಹುಭಾಗವನ್ನು ನುಂಗಿಬಿಡುವುದರಿಂದ ವ್ಯತ್ಯಾಸ ವೇಗದೊಡನೆ ಹಿಗ್ಗುತ್ತದೆ. ಆದುದರಿಂದ ಸೊನ್ನೆಯಿಂದ ನೂರರವರೆಗಿನ ಕಾಲವನ್ನು ಮಾತ್ರ ಮುಂದಿಟ್ಟರೆ 350ರ ವರ್ಗದ ವಾಹನಗಳಿಗೆ ಅನ್ಯಾಯವಾಗುತ್ತದೆ. ಅವುಗಳ ಕಾಲದ ದೊಡ್ಡ ಪಾಲು 80ರಿಂದ 100ರವರೆಗಿನ ಕೊನೆಯ ಏರಿನಲ್ಲಿಯೇ ಕಳೆದುಹೋಗುತ್ತದೆ. ಆ ವೇಗದಲ್ಲಿ ಅವುಗಳನ್ನು ಯಾರೂ ನಿತ್ಯ ಬಳಸುವುದಿಲ್ಲ.

ಎತ್ತರದ ಪ್ರಭಾವವನ್ನೂ ಇಲ್ಲಿಯೇ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಮೆ. ಇಂಧನವನ್ನು ಎಲೆಕ್ಟ್ರಾನಿಕ್ ಸಾಧನವು ಎಷ್ಟೇ ನಿಖರವಾಗಿ ಅಳೆದು ಚಿಮ್ಮಿಸಿದರೂ ಇಲ್ಲದ ಗಾಳಿಯನ್ನು ಅದು ಒದಗಿಸಲಾರದು. ಸಾಮರ್ಥ್ಯ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಗಾಳಿಯ ಪ್ರತಿರೋಧವೂ ಅಷ್ಟೇ ಕುಗ್ಗುವುದರಿಂದ ಗರಿಷ್ಠ ವೇಗ ಹೆಚ್ಚು ಬದಲಾಗುವುದಿಲ್ಲ. ಆದರೆ ಗಾಳಿಯ ಪಾತ್ರ ಕಿರಿದಾಗಿರುವ ಕೆಳಗಿನ ವೇಗಗಳಲ್ಲಿ ವೇಗೋತ್ಕರ್ಷ ಸ್ಪಷ್ಟವಾಗಿ ಇಳಿಯುತ್ತದೆ. ಒಂದು ಊರಿನಲ್ಲಿ ಅಳೆದ ಕಾಲವನ್ನು ಇನ್ನೊಂದು ಊರಿನ ಕಾಲದೊಡನೆ ಹೋಲಿಸುವವರು ಇದನ್ನು ಮರೆಯಬಾರದು.

6. ಗೇರು ಮತ್ತು ಫ್ಲೈವೀಲು

ಮೇಲಿನ ಅಂಕಿಗಳು ಗರಿಷ್ಠ ಸಾಮರ್ಥ್ಯದವು. ವಾಸ್ತವದಲ್ಲಿ ಗೇರುಗಳು ಐದೋ ಆರೋ ಇರುವುದರಿಂದ ಎಂಜಿನು ಎಲ್ಲ ವೇಗಗಳಲ್ಲಿಯೂ ತನ್ನ ಶಿಖರದಲ್ಲಿರುವುದು ಸಾಧ್ಯವಿಲ್ಲ. ಕ್ಲಾಸಿಕ್ ಮೇಲಿನ ಗೇರಿನಲ್ಲಿ 80ರ ವೇಗದಲ್ಲಿ ಸಾಗುವಾಗ ಎಂಜಿನು 4000 ಸುತ್ತಿನಲ್ಲಿದೆಯೆಂದು ಇಟ್ಟುಕೊಳ್ಳೋಣ. ಅದು ಗರಿಷ್ಠ ತಿರುಗುಬಲದ ಸುತ್ತು. ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಅಲ್ಲಿ ದೊರೆಯುವ ಸಾಮರ್ಥ್ಯ 11.3 ಕಿಲೋವಾಟ್, ವೇಗೋತ್ಕರ್ಷ 0.9. ಗೇರನ್ನು ಇಳಿಸಿ ಎಂಜಿನನ್ನು 6100 ಸುತ್ತಿನ ಹತ್ತಿರಕ್ಕೆ ಏರಿಸಿದರೆ ತಿರುಗುಬಲ 27ರಿಂದ 23.5ಕ್ಕೆ ಇಳಿಯುತ್ತದೆ, ಆದರೂ ವೇಗೋತ್ಕರ್ಷ 1.4ಕ್ಕೆ ಏರುತ್ತದೆ. ತಿರುಗುಬಲ ಕಡಮೆಯಾಗಿಯೂ ಎಳೆತ ಹೆಚ್ಚಿತೆಂಬ ಈ ಸಂಗತಿಯನ್ನು ಮನಸ್ಸಿಗೆ ತಂದುಕೊಂಡ ವಿದ್ಯಾರ್ಥಿಗೆ ಮೂರನೆಯ ಭಾಗದ ಚರ್ಚೆ ಪೂರ್ತಿಯಾಗಿ ತಿಳಿದಂತೆಯೇ ಸರಿ.

ಏಕಸಿಲಿಂಡರ್ ಎಂಜಿನಿಗೆ ಫ್ಲೈವೀಲಿನ ಸಮಸ್ಯೆ ವಿಶೇಷವಾದುದು. ನಾಲ್ಕು ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಇಂಧನ ಉರಿಯುತ್ತದೆ. ಉಳಿದ ಒಂದೂವರೆ ಸುತ್ತನ್ನು ಎಂಜಿನು ಕೂಡಿಟ್ಟ ಚಲನಶಕ್ತಿಯಿಂದ ದಾಟಬೇಕು. ಅದಕ್ಕಾಗಿ ಭಾರವಾದ ಫ್ಲೈವೀಲು ಬೇಕು. ಇಲ್ಲವಾದರೆ ಕಡಮೆ ಸುತ್ತಿನಲ್ಲಿ ವಾಹನ ಜಗ್ಗಿ ಜಗ್ಗಿ ನಿಂತುಹೋಗುತ್ತದೆ. ಆದರೆ ವೇಗ ಪಡೆಯುವಾಗ ಈ ಫ್ಲೈವೀಲಿಗೂ ಶಕ್ತಿ ಕೊಡಬೇಕು. ಅದರ ಜಡತ್ವವು ಗೇರಿನ ಅನುಪಾತದ ವರ್ಗದಿಂದ ಗುಣಿತವಾಗಿ ವಾಹನದ ದ್ರವ್ಯರಾಶಿಗೆ ಸೇರುತ್ತದೆ. ಉದಾಹರಣೆಗೆ ಜಡತ್ವ ಭ್ರಾಮಕ 0.02 ಕಿಲೋಗ್ರಾಂ-ಚದರ ಮೀಟರು, ಚಕ್ರದ ತ್ರಿಜ್ಯ 0.31 ಮೀಟರು, ಒಟ್ಟು ಅನುಪಾತ ಮೊದಲನೆಯ ಗೇರಿನಲ್ಲಿ 17, ಕೊನೆಯದರಲ್ಲಿ 5.5 ಎಂದು ತೆಗೆದುಕೊಂಡರೆ, ಮೊದಲ ಗೇರಿನಲ್ಲಿ ಸುಮಾರು 60 ಕಿಲೋಗ್ರಾಂ ಕೂಡಿದಂತಾಗುತ್ತದೆ; ಕೊನೆಯದರಲ್ಲಿ ಸುಮಾರು 6 ಮಾತ್ರ. ಎಂದರೆ ಹೊರಡುವಾಗ ಕಣ್ಣಿಗೆ ಕಾಣದ ಒಬ್ಬ ಹಿಂಬದಿ ಸವಾರನನ್ನು ಹೊತ್ತಂತೆ. ಹಳೆಯ ಮಾದರಿಯ ಏಕಸಿಲಿಂಡರ್ ವಾಹನಗಳು ನಿಂತ ಕಡೆಯಿಂದ ಹೊರಡುವಾಗ ತುಸು ಜಡವೆನ್ನಿಸಿ, ಒಮ್ಮೆ ಸಾಗತೊಡಗಿದ ಮೇಲೆ ಹಾಯಾಗಿ ಎಳೆಯುವುದಕ್ಕೆ ಇದು ಒಂದು ಮುಖ್ಯ ಕಾರಣ.

7. ಹಿಂದೆ ಹಾಕುವ ಪ್ರಶ್ನೆ

ಈಗ ಪ್ರಸ್ತಾವನೆಯಲ್ಲಿ ಸೂಚಿಸಿದ ವ್ಯಾವಹಾರಿಕ ಪ್ರಶ್ನೆಗೆ ಬರೋಣ. ಎರಡು ಸಾಲಿನ ರಸ್ತೆಯಲ್ಲಿ 10 ಮೀಟರು ಉದ್ದದ ಲಾರಿಯೊಂದು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ. ಸವಾರನು ಅದೇ ವೇಗದಲ್ಲಿ 14 ಮೀಟರು ಹಿಂದಿದ್ದಾನೆ. ಅದನ್ನು ದಾಟಿ 14 ಮೀಟರು ಮುಂದೆ ಹೋಗಿ ತನ್ನ ಸಾಲನ್ನು ಸೇರಬೇಕು. ತನ್ನ ವಾಹನದ ಉದ್ದವನ್ನೂ ಸೇರಿಸಿದರೆ ಲಾರಿಗಿಂತ 40 ಮೀಟರು ಹೆಚ್ಚು ಕ್ರಮಿಸಬೇಕು. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯು ವಿಭಜಿತ ಹೆದ್ದಾರಿಗಳಲ್ಲದ ರಸ್ತೆಗಳಲ್ಲಿ ಮೋಟಾರುಸೈಕಲಿಗೆ 60 ಕಿಲೋಮೀಟರು ಮಿತಿಯನ್ನು ಹಾಕಿದೆ. ಆದುದರಿಂದ ಸವಾರನು 60ನ್ನು ಮುಟ್ಟಿ ಅದೇ ವೇಗದಲ್ಲಿ ಉಳಿಯುತ್ತಾನೆಂದು ಎಣಿಸೋಣ. ಎದುರಿನಿಂದ ಬರುವ ವಾಹನವೂ 60ರಲ್ಲಿ ಬರುತ್ತಿದೆಯೆಂದು ಇಟ್ಟುಕೊಳ್ಳೋಣ.

ಕ್ಲಾಸಿಕ್‌ನಂತಹ ವಾಹನವನ್ನು ಮೇಲಿನ ಗೇರಿನಲ್ಲಿಯೇ ಬಿಟ್ಟರೆ ವೇಗೋತ್ಕರ್ಷ ಸುಮಾರು 1. ದಾಟಲು 10 ಸೆಕೆಂಡು ಬೇಕು. ಎದುರಿನ ವಾಹನ ಆರಂಭದಲ್ಲಿ 318 ಮೀಟರು ದೂರದಲ್ಲಿರಬೇಕು. ಹಿಂದೆ 75 ಕಿಲೋಗ್ರಾಮಿನ ಇನ್ನೊಬ್ಬರು ಕುಳಿತಿದ್ದರೆ ವೇಗೋತ್ಕರ್ಷ 0.75ಕ್ಕೆ ಇಳಿದು ಕಾಲ 10.9 ಸೆಕೆಂಡಾಗುತ್ತದೆ, ದೂರ 343 ಮೀಟರು. ಮೊದಲೇ ಗೇರು ಇಳಿಸಿಕೊಂಡು ಹೊರಟರೆ, ಒಬ್ಬನೇ ಇರುವಾಗ, ವೇಗೋತ್ಕರ್ಷ ಸುಮಾರು 2.5, ಕಾಲ 8.3 ಸೆಕೆಂಡು, ದೂರ 270 ಮೀಟರು. ಇಮ್ಮಡಿ ಸಾಮರ್ಥ್ಯದ ಸ್ಪೀಡ್ ಅಥವಾ ಗೋಲ್ಡ್ ಸ್ಟಾರನ್ನು ಸರಿಯಾದ ಗೇರಿನಲ್ಲಿ ಓಡಿಸಿ ವೇಗೋತ್ಕರ್ಷವನ್ನು 5ಕ್ಕೆ ಏರಿಸಿದರೆ ಕಾಲ 7.75 ಸೆಕೆಂಡು, ದೂರ 255 ಮೀಟರು.

ಈ ಅಂಕಿಗಳು ಹೇಳುವುದನ್ನು ಒಮ್ಮೆ ನಿಂತು ನೋಡಬೇಕು. ಒಂದೇ ವಾಹನದಲ್ಲಿ ಗೇರನ್ನು ಇಳಿಸಿದುದರಿಂದ 1.7 ಸೆಕೆಂಡು ಮತ್ತು 48 ಮೀಟರು ಉಳಿದುವು. ವಾಹನವನ್ನೇ ಬದಲಿಸಿ ಸಾಮರ್ಥ್ಯವನ್ನು ಇಮ್ಮಡಿಸಿದುದರಿಂದ ಇನ್ನು ಅರ್ಧ ಸೆಕೆಂಡಿಗೆ ತುಸು ಹೆಚ್ಚು ಮತ್ತು 15 ಮೀಟರು ಮಾತ್ರ ಉಳಿದುವು. ನಿಯಮದ ವೇಗಮಿತಿಯೊಳಗೆ ದಾಟುವ ಕಾಲದ ಬಹುಪಾಲು ಸ್ಥಿರವೇಗದಲ್ಲಿ ಕಳೆಯುವುದರಿಂದ ವೇಗೋತ್ಕರ್ಷವನ್ನು ಎಷ್ಟು ಹೆಚ್ಚಿಸಿದರೂ 7.2 ಸೆಕೆಂಡಿಗಿಂತ ಕೆಳಗೆ ಇಳಿಯುವುದು ಅಸಾಧ್ಯ. ಅದಕ್ಕಿಂತ ಬೇಗ ದಾಟಿದವನು ವೇಗಮಿತಿಯನ್ನು ಮೀರಿರಲೇಬೇಕು. ಬಲಿಷ್ಠವಾದ ವಾಹನ ತನ್ನನ್ನು ಕಾಯುತ್ತದೆಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಕಾಲು ಕಿಲೋಮೀಟರಿಗೂ ಮಿಕ್ಕು ರಸ್ತೆ ತೆರವಾಗಿ ಕಾಣುತ್ತಿಲ್ಲವಾದರೆ ನಾಲ್ಕು ವಾಹನಗಳಲ್ಲಿ ಯಾವುದರ ಸವಾರನೂ ಹೊರಡಬಾರದು. ನಮ್ಮ ಘಟ್ಟದ ರಸ್ತೆಗಳಲ್ಲಿ ಅಷ್ಟು ನೇರವಾದ ದಾರಿ ಎಷ್ಟು ಕಡೆ ಸಿಗುತ್ತದೆಂಬುದನ್ನು ಓದುಗರೇ ಬಲ್ಲರು.

8. ಅಳತೆಯ ಕ್ರಮ

ವೇಗೋತ್ಕರ್ಷವನ್ನು ಅಳೆಯುವವರು ವಾಹನದ ವೇಗಮಾಪಕವನ್ನು ನಂಬಬಾರದು. ಅದು ಸಾಮಾನ್ಯವಾಗಿ ನಿಜಕ್ಕಿಂತ ಹೆಚ್ಚಿನ ವೇಗವನ್ನೇ ತೋರಿಸುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗದಲ್ಲಿ ನೂರಕ್ಕೆ 5ರ ಹೆಚ್ಚಳ ಕಂಡರೆ ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ 10ರ ದೋಷ ಬರುತ್ತದೆ. ಉಪಗ್ರಹಗಳ ನೆರವಿನಿಂದ ವೇಗವನ್ನು ದಾಖಲಿಸುವ ಸಾಧನವನ್ನು ಬಳಸಿ, ಒಂದೇ ಪಥದಲ್ಲಿ ಎರಡೂ ದಿಕ್ಕಿಗೆ ಹಲವು ಸಲ ಓಡಿಸಿ ಸರಾಸರಿ ತೆಗೆಯುವುದು ಉಚಿತ. ಗಾಳಿಯ ಮತ್ತು ಇಳಿಜಾರಿನ ಪ್ರಭಾವ ಆಗ ಬಹುಮಟ್ಟಿಗೆ ಕಳೆದುಹೋಗುತ್ತದೆ. ಸವಾರನ ತೂಕ, ಟ್ಯಾಂಕಿನ ಇಂಧನ, ಟೈರಿನ ಗಾಳಿ, ಉಷ್ಣತೆ, ಊರಿನ ಎತ್ತರ, ಇವುಗಳನ್ನು ಬರೆದಿಡದ ಅಳತೆಯನ್ನು ಇನ್ನೊಂದರೊಡನೆ ಹೋಲಿಸಲಾಗದು.

ಎದುರುಬಲಗಳನ್ನು ಅಳೆಯಲು ಇನ್ನೂ ಸರಳವಾದ ವಿಧಾನವೊಂದಿದೆ. ವಾಹನ ಸಾಗುತ್ತಿರುವಾಗ ಕ್ಲಚ್ಚನ್ನು ಹಿಡಿದು ತಾನಾಗಿ ನಿಧಾನಿಸಲು ಬಿಟ್ಟು ಕಾಲವನ್ನು ಗುರುತಿಸುವುದು. ನಮ್ಮ ಅಂಕಿಗಳಂತೆ ಕ್ಲಾಸಿಕ್ 80ರಿಂದ 70ಕ್ಕೆ ಇಳಿಯಲು ಸುಮಾರು 3.8 ಸೆಕೆಂಡು, 40ರಿಂದ 30ಕ್ಕೆ ಇಳಿಯಲು ಸುಮಾರು 10 ಸೆಕೆಂಡು ಬೇಕು. ಈ ಎರಡು ಕಾಲಗಳಿಂದ ಗಾಳಿಯ ಮತ್ತು ಉರುಳುವಿಕೆಯ ಪಾಲುಗಳನ್ನು ಬೇರ್ಪಡಿಸಬಹುದು. ಪದವಿ ತರಗತಿಗೆ ಇದು ಒಳ್ಳೆಯ ಪ್ರಯೋಗ. ಆದರೆ ಇದನ್ನು ಸಂಚಾರವಿಲ್ಲದ, ಅನುಮತಿ ಪಡೆದ ಪಥದಲ್ಲಿ, ಶಿರಸ್ತ್ರಾಣ ಧರಿಸಿದ ಅನುಭವಿ ಸವಾರನಿಂದ ಮಾತ್ರವೇ ಮಾಡಿಸತಕ್ಕದ್ದು.

9. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ನಾಲ್ಕು ಅಂಶಗಳು ಸಿದ್ಧಿಸುತ್ತವೆ. ಒಂದು, ಗೇರನ್ನು ಸರಿಯಾಗಿ ಬಳಸಿದಾಗಿನ ವೇಗೋತ್ಕರ್ಷವನ್ನು ನಿರ್ಧರಿಸುವುದು ಸವಾರನನ್ನೂ ಸೇರಿಸಿದ ದ್ರವ್ಯರಾಶಿಗೆ ದೊರೆಯುವ ಸಾಮರ್ಥ್ಯ; ತಿರುಗುಬಲದ ಅಂಕಿಯು ಗೇರು ಬದಲಿಸದ ಸವಾರನಿಗೆ ಸಂಬಂಧಿಸಿದ್ದು. ಎರಡು, ಪಿಸ್ಟನ್ನಿನ ಸರಾಸರಿ ವೇಗ ಇಲ್ಲಿ ನೋಡಿದ ರಸ್ತೆ ವಾಹನಗಳಲ್ಲಿ ಸುಮಾರು ಒಂದೇ ಆದುದರಿಂದ, ಸಾಮರ್ಥ್ಯವನ್ನು ಅಳೆಯಲು ಗಾತ್ರಕ್ಕಿಂತ ಪಿಸ್ಟನ್ನಿನ ವಿಸ್ತೀರ್ಣವೇ ಒಳ್ಳೆಯ ಸೂಚಕ. ಮೂರು, ವೇಗ ಹೆಚ್ಚಿದಂತೆ ವಾಹನಗಳ ನಡುವಣ ಅಂತರ ಗಾಳಿಯ ಕಾರಣದಿಂದ ಹಿಗ್ಗುತ್ತದೆ. ಆದುದರಿಂದ ಒಂದೇ ಅಂಕಿಯಿಂದ ಎರಡು ವಾಹನಗಳನ್ನು ತೂಗುವುದು ಸಲ್ಲದು. ನಾಲ್ಕು, ನಿಯಮಬದ್ಧವಾದ ಸವಾರಿಯಲ್ಲಿ ಸುರಕ್ಷಿತವಾಗಿ ಹಿಂದೆ ಹಾಕುವುದು ವಾಹನದ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಸವಾರನು ಆರಿಸಿದ ಗೇರನ್ನೂ, ಅವನು ಕಾದು ನೋಡಿದ ದೂರವನ್ನೂ ಅವಲಂಬಿಸಿದೆ.

ತರಗತಿಯಲ್ಲಿ ಚಲನನಿಯಮಗಳನ್ನು ಕಲಿಸುವ ಅಧ್ಯಾಪಕರು, ಘರ್ಷಣೆಯಿಲ್ಲದ ಇಳಿಜಾರು ಹಲಗೆಯ ಪಕ್ಕದಲ್ಲಿ, ಕಾಲೇಜಿನ ಅಂಗಳದಲ್ಲಿ ನಿಂತಿರುವ ಈ ವಾಹನಗಳನ್ನೂ ಉದಾಹರಣೆಯಾಗಿ ಬಳಸಿಕೊಳ್ಳಬಹುದು. ತಯಾರಕರು ಕೊಡುವ ನಾಲ್ಕೈದು ಅಂಕಿಗಳಿಂದ ಇಷ್ಟೆಲ್ಲವನ್ನೂ ತಾವೇ ಲೆಕ್ಕ ಹಾಕಬಹುದೆಂದು ಕಂಡುಕೊಂಡ ವಿದ್ಯಾರ್ಥಿಗೆ ಆ ನಿಯಮಗಳು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ರಸ್ತೆಯಲ್ಲಿಯೂ ಅವನ ಜೊತೆಗೆ ಬರುತ್ತವೆ.